ದುಡ್ಡು ಬಂತು, ರಜೆ ಬರಲಿಲ್ಲ: ಚೀನಾದ ಪ್ರವಾಸಿ ಜಂಗುಳಿಯ ಲೆಕ್ಕ

ಚೀನಾದ ಮಧ್ಯಮ ವರ್ಗದ ಪ್ರವಾಸ ಮತ್ತು ಅಲ್ಲಿನ ರಜೆಯ ನೂಕುನುಗ್ಗಲು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಈ ಬಾರಿ ನಮ್ಮ ಪ್ರವಾಸೋದ್ಯಮ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಚೀನಾದ ಮಹಾಗೋಡೆಯ ಮೇಲೆ ಜನ ಹೆಜ್ಜೆ ಎತ್ತಿಡಲೂ ಆಗದೆ ನಿಂತಿರುವ ವಿಡಿಯೊ ಪ್ರತಿ ಅಕ್ಟೋಬರ್‌ನಲ್ಲೂ ಮೊಬೈಲಿಗೆ ಬರುತ್ತದೆ. ಜನಸಂಖ್ಯೆ ನಮ್ಮಲ್ಲೂ ಕಡಿಮೆಯಿಲ್ಲ, ಮಧ್ಯಮ ವರ್ಗ ನಮ್ಮಲ್ಲೂ ಬೆಳೆದಿದೆ. ಆದರೂ ಇಡೀ ದೇಶ ಒಮ್ಮೆಲೇ ಮನೆ ಬಿಟ್ಟು ಹೊರಡುವುದು ಇಲ್ಲಿ ಕಾಣುವುದಿಲ್ಲವಲ್ಲ, ಏಕೆ?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೇಡಂ, ಜನರನ್ನು ಎಣಿಸುವುದನ್ನು ಬಿಟ್ಟು ಒಮ್ಮೆ ರಜೆಗಳನ್ನು ಎಣಿಸಿ ನೋಡಿ. ಜಂಬೂಸವಾರಿಯ ದಿನ ನಿಮ್ಮ ಊರಿನಲ್ಲಿ ಎಷ್ಟೇ ಜನ ಸೇರಲಿ, ಕೇರಳದವರು ಊರಿಗೆ ಹೋಗುವುದು ಓಣಂಗೆ, ತಮಿಳರು ಪೊಂಗಲ್‌ಗೆ. ನಮ್ಮ ಶಾಲೆಗಳ ಬೇಸಿಗೆ ರಜೆ ಕೂಡ ರಾಜ್ಯದಿಂದ ರಾಜ್ಯಕ್ಕೆ ಹಿಂದುಮುಂದು. ನಮ್ಮ ಪಂಚಾಂಗದ ಈ ಗೊಂದಲವೇ ನಮ್ಮ ರೈಲು ನಿಲ್ದಾಣಗಳನ್ನು ಕಾಪಾಡುತ್ತಿದೆ. ಚೀನಾದಲ್ಲಿ ದೊಡ್ಡ ರಜೆಗಳು ಇಡೀ ದೇಶಕ್ಕೆ ಒಂದೇ, ಅದನ್ನು ನಿಗದಿ ಮಾಡುವುದು ಬೀಜಿಂಗ್‌ನ ಸ್ಟೇಟ್ ಕೌನ್ಸಿಲ್, ಅಂದರೆ ಅಲ್ಲಿನ ಕೇಂದ್ರ ಸಂಪುಟ.

ಇದರ ಹಿಂದೆ ಒಂದು ಚರಿತ್ರೆಯಿದೆ. ಚೀನಾದ ನೌಕರರಿಗೆ ವಾರಕ್ಕೆ ಎರಡು ದಿನದ ರಜೆ ಸಿಕ್ಕಿದ್ದೇ 1995ರ ಮೇ ತಿಂಗಳಿನಿಂದ. ಎರಡು ವರ್ಷ ಕಳೆಯುವಷ್ಟರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು, ರಫ್ತಿನ ಏರಿಕೆ ಕುಂಠಿತವಾಯಿತು. ಜನ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಕೂರದೆ ಖರ್ಚು ಮಾಡಲಿ ಎಂದು ಸರ್ಕಾರ 1999ರಲ್ಲಿ ವರ್ಷಕ್ಕೆ ಮೂರು ‘ಸುವರ್ಣ ಸಪ್ತಾಹ’ಗಳನ್ನು ಹುಟ್ಟುಹಾಕಿತು: ವಸಂತ ಹಬ್ಬಕ್ಕೆ (ಚೀನಾದ ಚಾಂದ್ರಮಾನ ಹೊಸ ವರ್ಷ), ಮೇ ದಿನಕ್ಕೆ, ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ. ಆ ವರ್ಷದ ಅಕ್ಟೋಬರ್‌ನ ಮೊದಲ ಸಪ್ತಾಹದಲ್ಲೇ 2.8 ಕೋಟಿ ಪ್ರವಾಸಗಳು ನಡೆದವು. ಅಂಗಡಿ ತುಂಬಿಸಲು ಮಾಡಿದ ಉಪಾಯ ಬೆಟ್ಟ, ಕೋಟೆ, ಗುಹೆಗಳನ್ನೂ ತುಂಬಿಸಿತು.

2008ರಲ್ಲಿ ಮೇ ಸಪ್ತಾಹವನ್ನು ಮೊಟಕುಗೊಳಿಸಿ, ಛಿಂಗ್‌ಮಿಂಗ್ ಎಂಬ ಪಿತೃಸ್ಮರಣೆಯ ದಿನ, ಡ್ರ್ಯಾಗನ್ ದೋಣಿ ಹಬ್ಬ ಮತ್ತು ಮಧ್ಯ ಶರತ್ಕಾಲದ ಹಬ್ಬಕ್ಕೆ ಒಂದೊಂದು ದಿನ ಹಂಚಲಾಯಿತು. ಒತ್ತಡ ಹರಡಿಕೊಳ್ಳಲಿ ಎಂಬುದು ಉದ್ದೇಶ. ಅಕ್ಟೋಬರ್‌ನ ಭಾರ ಇಳಿಯಲಿಲ್ಲ. ಮೇ ರಜೆಯೂ 2020ರ ಹೊತ್ತಿಗೆ ಮತ್ತೆ ಐದು ದಿನಕ್ಕೆ ಬೆಳೆಯಿತು.

ಈ ಉದ್ದನೆಯ ರಜೆಗಳೂ ಪೂರ್ತಿ ಪುಕ್ಕಟೆಯಲ್ಲ. 2025ರ ಅಕ್ಟೋಬರ್‌ನ ಎಂಟು ದಿನಗಳನ್ನೇ ಬಿಡಿಸಿ ನೋಡಿ. ರಾಷ್ಟ್ರೀಯ ದಿನಕ್ಕೆ ಮೂರು ದಿನ, ಮಧ್ಯ ಶರತ್ಕಾಲದ ಹಬ್ಬಕ್ಕೆ ಒಂದು, ನಡುವೆ ಬಂದ ಶನಿವಾರ ಮತ್ತು ಭಾನುವಾರ ಸೇರಿ ಆರು. ಉಳಿದೆರಡು ದಿನಗಳಿಗಾಗಿ ಸೆಪ್ಟೆಂಬರ್ 28ರ ಭಾನುವಾರ ಮತ್ತು ಅಕ್ಟೋಬರ್ 11ರ ಶನಿವಾರ ಕಚೇರಿಗೆ ಹೋಗಬೇಕಾಯಿತು. ಅಲ್ಲಿನ ನೌಕರರು ಈ ಅದಲುಬದಲಿನ ಬಗ್ಗೆ ಗೊಣಗದ ವರ್ಷವಿಲ್ಲ. ದಣಿದವರ ವಾರದ ರಜೆಯನ್ನು ಕಿತ್ತು ಮುಂದಿನ ವಾರಕ್ಕೆ ಹೊಲಿಯುವುದು ಯಾವ ಸೀಮೆಯ ಔದಾರ್ಯ!

ಎಲ್ಲಕ್ಕಿಂತ ಮುಖ್ಯವಾದದ್ದು ಸಂಬಳ ಸಹಿತ ವಾರ್ಷಿಕ ರಜೆ. 2008ರ ನಿಯಮದಂತೆ ಹತ್ತು ವರ್ಷ ಸೇವೆ ಪೂರೈಸದವರಿಗೆ ವರ್ಷಕ್ಕೆ 5 ದಿನ, ಹತ್ತರಿಂದ ಇಪ್ಪತ್ತು ವರ್ಷದವರಿಗೆ 10, ಅದಕ್ಕೂ ಹಿರಿಯರಿಗೆ 15. ಆ ಐದು ದಿನಗಳನ್ನೂ ಕೇಳಿದಾಗ ಕೊಡದ ಖಾಸಗಿ ಕಂಪನಿಗಳು ಬೇಕಾದಷ್ಟಿವೆ. ಕಾರು, ಕ್ಯಾಮೆರಾ, ಉಳಿತಾಯ ಎಲ್ಲವೂ ಇರುವ ಕುಟುಂಬಕ್ಕೆ ತಾನಾಗಿ ಆರಿಸಿಕೊಂಡ ಒಂದು ವಾರ ಮಾತ್ರ ಇಲ್ಲ. ಸರ್ಕಾರ ಕೊಟ್ಟ ವಾರದಲ್ಲೇ ಅಜ್ಜ, ಅಜ್ಜಿ, ಮಗುವಿನೊಂದಿಗೆ ಹೊರಡಬೇಕು. ನೀವು ವಿಡಿಯೊದಲ್ಲಿ ಕಾಣುವುದು ಅಂಥ ಕುಟುಂಬಗಳನ್ನು.

ಪ್ರಶ್ನೆ: 2025ರ ಆ ಎಂಟು ದಿನಗಳಲ್ಲಿ 88.8 ಕೋಟಿ ಪ್ರವಾಸಿಗರು ಎಂದು ಓದಿದೆ. ಚೀನಾದ ಅರ್ಧಕ್ಕಿಂತ ಹೆಚ್ಚು ಜನ ಪ್ರವಾಸ ಹೋದರೆಂದು ಇದರ ಅರ್ಥವೇ? ಅವರೆಲ್ಲ ಮಧ್ಯಮ ವರ್ಗದವರೇ?
– ಅರ್ಥಶಾಸ್ತ್ರ ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ. ಅದು ಪ್ರವಾಸಗಳ ಸಂಖ್ಯೆ, ತಲೆಗಳ ಸಂಖ್ಯೆಯಲ್ಲ. ಅದೇ ರಜೆಯಲ್ಲಿ ಒಬ್ಬರು ಎರಡು ಬಾರಿ ಹೊರಟರೆ ಎರಡು ಎಂದು ಎಣಿಕೆಯಾಗುತ್ತದೆ.

ಮಧ್ಯಮ ವರ್ಗದ ಅಳತೆಯಲ್ಲೂ ಎಚ್ಚರ ಬೇಕು. ಚೀನಾದ ಅಂಕಿಅಂಶ ಇಲಾಖೆ ಹೇಳುವ ‘40 ಕೋಟಿ ಮಧ್ಯಮ ಆದಾಯದವರು’ ಎಂದರೆ, ಮೂವರ ಕುಟುಂಬಕ್ಕೆ ವರ್ಷಕ್ಕೆ 1 ಲಕ್ಷದಿಂದ 5 ಲಕ್ಷ ಯುವಾನ್ ಆದಾಯ ಇರುವವರು. ಈ ಜಾಲರಿಯ ಕೆಳತುದಿಯವರು ರಜೆಗೆ ಪಕ್ಕದ ಜಿಲ್ಲೆಯ ಜಲಪಾತಕ್ಕೆ ಹೋಗಿ ಬರುತ್ತಾರೆ, ಮೇಲ್ತುದಿಯವರು ಟೋಕಿಯೊಗೆ ಹೋಗುತ್ತಾರೆ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದರೆ ಏನೂ ತಿಳಿಯುವುದಿಲ್ಲ.

ಕುತೂಹಲಕರವಾದದ್ದು ಖರ್ಚಿನ ಲೆಕ್ಕ. 2024ರ ಏಳು ದಿನಗಳಲ್ಲಿ 76.5 ಕೋಟಿ ಪ್ರವಾಸಗಳು, 70,080 ಕೋಟಿ ಯುವಾನ್ ಖರ್ಚು. 2025ರಲ್ಲಿ ಖರ್ಚು 80,900 ಕೋಟಿ ಯುವಾನ್‌ಗೆ ಏರಿತು. ಭಾಗಿಸಿ ನೋಡಿ: ಮೊದಲನೆಯದರಲ್ಲಿ ಪ್ರವಾಸಕ್ಕೆ ಸುಮಾರು 916 ಯುವಾನ್, ಎರಡನೆಯದರಲ್ಲಿ 911. ನಮ್ಮ ಲೆಕ್ಕದಲ್ಲಿ 11 ಸಾವಿರ ರೂಪಾಯಿ ಆಸುಪಾಸು. ರಜೆ ಒಂದು ದಿನ ಹೆಚ್ಚಿತು, ತಲಾ ಖರ್ಚು ಚೂರು ಇಳಿಯಿತು. ಮನೆಗಳ ಬೆಲೆ ಕುಸಿದು, ಹೊಸಬರಿಗೆ ಕೆಲಸ ಸಿಗುವುದು ಕಷ್ಟವಾಗಿರುವ ಕಾಲದಲ್ಲಿ ಜನ ತಿರುಗಾಟ ಬಿಟ್ಟಿಲ್ಲ, ಜೇಬಿನ ಮೇಲೆ ಕೈ ಇಟ್ಟುಕೊಂಡು ತಿರುಗುತ್ತಿದ್ದಾರೆ.

2023ರಲ್ಲಿ ವಿದ್ಯಾರ್ಥಿಗಳ ನಡುವೆ ‘ಕಮಾಂಡೊ ಪ್ರವಾಸ’ ಎಂಬ ಹುಚ್ಚು ಹಬ್ಬಿತು: ರಾತ್ರಿ ರೈಲಿನಲ್ಲಿ ನಿದ್ದೆ, ಹಗಲೆಲ್ಲ ಊರು ಸುತ್ತಾಟ, ಹೋಟೆಲ್ ಖರ್ಚು ಆದಷ್ಟು ಉಳಿತಾಯ. ಅದೇ ವಸಂತದಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ಝೀಬೊ ಎಂಬ ಕೈಗಾರಿಕಾ ಊರು ಕೆಂಡದ ಮೇಲೆ ಸುಟ್ಟ ಮಾಂಸದ ಕಡ್ಡಿಗಳಿಂದಲೇ ದೇಶದ ಬಾಯಲ್ಲಿ ನೀರೂರಿಸಿತು. ಮರುವರ್ಷದ ಆರಂಭದಲ್ಲಿ ಸರದಿ ಹಿಮನಗರ ಹಾರ್ಬಿನ್‌ನದು. 2024ರ ಹೊಸ ವರ್ಷದ ಮೂರು ದಿನಗಳಲ್ಲಿ ಅಲ್ಲಿಗೆ 30 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಮೊಬೈಲಿನ ಕಿರುವಿಡಿಯೊ ಒಂದು ಊರನ್ನು ಎತ್ತಿ ಮೆರೆಸುತ್ತದೆ, ಆರು ತಿಂಗಳಲ್ಲಿ ಮರೆಯುತ್ತದೆ. ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಆ ಮರೆತ ನಂತರದ ಝೀಬೊವನ್ನು ನೋಡಿ ಎಂದು ಹೇಳುವೆ.

ಪ್ರಶ್ನೆ: ಅಷ್ಟು ಕಟ್ಟುನಿಟ್ಟಿನ ಸರ್ಕಾರಕ್ಕೆ ಜನಸಂದಣಿ ನಿಯಂತ್ರಿಸುವುದು ಕಷ್ಟವೇ?
– ಓದುಗರು, ಶಿವಮೊಗ್ಗ

ಉತ್ತರ: ಕಟ್ಟುನಿಟ್ಟಿನ ಸರ್ಕಾರವೇ ಜನರನ್ನು ಹೊರಗೆ ಕರೆಯುತ್ತದೆ ಎಂಬುದನ್ನು ಮರೆಯಬೇಡಿ. 2012ರ ರಾಷ್ಟ್ರೀಯ ದಿನದಿಂದ ದೊಡ್ಡ ರಜೆಗಳಲ್ಲಿ ಏಳು ಅಥವಾ ಅದಕ್ಕೂ ಕಡಿಮೆ ಆಸನದ ವಾಹನಗಳಿಗೆ ಹೆದ್ದಾರಿ ಟೋಲ್ ಇಲ್ಲ. ಬೇಡಿಕೆ ತಾರಕಕ್ಕೇರಿದ ದಿನವೇ ಬೆಲೆ ಸೊನ್ನೆ! ಮೊದಲ ವರ್ಷವೇ ಹೆದ್ದಾರಿಗಳು ಕಾರುಗಳ ಸಂತೆಯಾದವು. ಅದೇ ವಾರ, ಅಕ್ಟೋಬರ್ 2ರಂದು, ಹುವಾಶಾನ್ ಬೆಟ್ಟ ಹತ್ತಿದ ಸಾವಿರಾರು ಜನ ಇಳಿಯಲಾಗದೆ ರಾತ್ರಿ ಚಳಿಯಲ್ಲಿ ಸಿಕ್ಕಿಬಿದ್ದರು. ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯಕ್ಕೆ ಅದೇ ದಿನ 1.82 ಲಕ್ಷ ಜನ ನುಗ್ಗಿದ್ದರು.

ಮರುವರ್ಷ ಅಕ್ಟೋಬರ್ 1ರಂದು ಹೊಸ ಪ್ರವಾಸೋದ್ಯಮ ಕಾಯ್ದೆ ಜಾರಿಗೆ ಬಂತು. ಪ್ರತಿ ತಾಣವೂ ತನ್ನ ಗರಿಷ್ಠ ಸಾಮರ್ಥ್ಯ ಪ್ರಕಟಿಸಬೇಕು, ಅದನ್ನು ಮೀರಬಾರದು ಎಂದು ಅದರಲ್ಲಿ ಬರೆದಿತ್ತು. ಮಾರನೆಯ ದಿನವೇ ಜಿಯುಜೈಗೋ ಕಣಿವೆಯಲ್ಲಿ ಬಸ್ಸಿಗೆ ಕಾದು ಬೇಸತ್ತವರು ರಸ್ತೆಗಿಳಿದರು, ಬಸ್ಸುಗಳು ನಿಂತವು, 4,000ಕ್ಕೂ ಹೆಚ್ಚು ಜನ ಒಳಗೇ ಉಳಿದರು. ಕಾಯ್ದೆಗೆ ಇದಕ್ಕಿಂತ ಖಾರವಾದ ಸ್ವಾಗತ ಸಿಗಲಾರದು. 2014ರ ಡಿಸೆಂಬರ್ 31ರ ರಾತ್ರಿ ಶಾಂಘೈನ ಬುಂಡ್ ನದೀದಂಡೆಯಲ್ಲಿ ಕಾಲ್ತುಳಿತಕ್ಕೆ 36 ಜನ ಬಲಿಯಾದರು. ಈಗ ಅಲ್ಲಿ ದೊಡ್ಡ ರಜೆಗಳಲ್ಲಿ ಸಮವಸ್ತ್ರದವರು ಸಾಲುಗಟ್ಟಿ ನಿಂತು, ಗೇಟಿನಂತೆ ತೆರೆದು ಮುಚ್ಚಿ ಜನರನ್ನು ದಾಟಿಸುತ್ತಾರೆ.

ಪಾಠ ಕಲಿತಿಲ್ಲವೆಂದಲ್ಲ. ಅರಮನೆ ವಸ್ತುಸಂಗ್ರಹಾಲಯ 2015ರಲ್ಲಿ ದಿನಕ್ಕೆ 80,000 ಮಿತಿ ಹಾಕಿತು. ಈಗ ಅದು 40,000. ಮಹಾಗೋಡೆಯ ಬಾದಾಲಿಂಗ್ ಭಾಗಕ್ಕೆ 2019ರಿಂದ 65,000ದ ಮಿತಿ. ದುನ್‌ಹುವಾಂಗ್‌ನ ಮೊಗಾವೊ ಗುಹೆಗಳದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಕ್ರಮ. ಉಸಿರಿನ ತೇವಕ್ಕೂ ಭಿತ್ತಿಚಿತ್ರಗಳು ಹಾಳಾಗುತ್ತವೆಂದು, 2014ರಲ್ಲಿ ಗುಹೆಗಳಿಂದ ದೂರ ಒಂದು ಡಿಜಿಟಲ್ ಕೇಂದ್ರ ಕಟ್ಟಿದರು. ಅಲ್ಲಿ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ಸಾವಧಾನವಾಗಿ ನೋಡಿ, ನಂತರ ಮಾರ್ಗದರ್ಶಕರೊಂದಿಗೆ ಎಂಟು ಗುಹೆಗಳಿಗಷ್ಟೇ ಪ್ರವೇಶ. ಆ ಪೂರ್ಣ ಟಿಕೆಟ್ ದಿನಕ್ಕೆ 6,000 ಮಂದಿಗೆ ಮಾತ್ರ. ಆದರೆ ಮಿತಿ ಹಾಕಿದಷ್ಟೂ ಜಂಗುಳಿ ಬಾಗಿಲಿನಿಂದ ಮೊಬೈಲಿಗೆ ವರ್ಗವಾಗುತ್ತದೆ, ರಜೆಯ ದಿನದ ಟಿಕೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ರಜೆ ಹಂಚಿಕೆಯಾಗದೆ ಇದಕ್ಕೆ ಮದ್ದಿಲ್ಲ ಎಂಬುದು ನನ್ನ ನಿಲುವು.

ಪ್ರಶ್ನೆ: ಚೀನಾದ ಪ್ರವಾಸಿಗರಿಗೆ ಮತ್ತೆ ವೀಸಾ ಕೊಡುತ್ತಿದ್ದಾರಂತೆ. ನಮ್ಮ ಹೋಂಸ್ಟೇಯನ್ನು ಅವರಿಗಾಗಿ ಸಜ್ಜುಗೊಳಿಸಬಹುದೇ?
– ಹೋಂಸ್ಟೇ ಮಾಲೀಕರು, ಕೊಡಗು

ಉತ್ತರ: ಸದ್ಯಕ್ಕೆ ಸಾಲ ಮಾಡಿ ಕೋಣೆ ಕಟ್ಟಬೇಡಿ. ಭಾರತ 2025ರ ಜುಲೈನಲ್ಲಿ ಪ್ರವಾಸಿ ವೀಸಾ ಪುನರಾರಂಭಿಸಿದ್ದು ನಿಜ. ಅಕ್ಟೋಬರ್‌ನಲ್ಲಿ ಕೋಲ್ಕತ್ತ–ಗುವಾಂಗ್‌ಝೌ ನೇರ ವಿಮಾನವೂ ಶುರುವಾಯಿತು, ನಂತರ ದೆಹಲಿಯಿಂದ. ಆದರೆ 2019ರಲ್ಲಿ ಚೀನಾದವರು ಕೈಗೊಂಡ ಸುಮಾರು 15.5 ಕೋಟಿ ಗಡಿಯಾಚೆಯ ಪ್ರವಾಸಗಳಲ್ಲಿ ಭಾರತಕ್ಕೆ ಬಂದವು 3.4 ಲಕ್ಷದ ಆಸುಪಾಸು. ಹಾಂಗ್‌ಕಾಂಗ್, ಮಕಾವ್, ಥಾಯ್ಲೆಂಡ್, ಜಪಾನ್ ಅವರಿಗೆ ಹತ್ತಿರ. ಹಲವು ದೇಶಗಳು ವೀಸಾವನ್ನೇ ಕೈಬಿಟ್ಟು ಕರೆಯುತ್ತಿವೆ.

ಬರುವವರಲ್ಲೂ ಬೋಧಗಯಾ, ಸಾರನಾಥ, ನಳಂದಕ್ಕೆ ಹೋಗುವವರು ಬೇರೆ, ಆಗ್ರಾ ನೋಡುವವರು ಬೇರೆ. ಕರ್ನಾಟಕಕ್ಕೆ ಅವರನ್ನು ಸೆಳೆಯುವ ಒಂದು ದಾರಿ ನನಗೆ ಕಾಣುತ್ತದೆ: ಹ್ಯೂಯೆನ್ ತ್ಸಾಂಗ್. ಚೀನಾದ ಶಾಲಾ ಮಕ್ಕಳಿಗೂ ಗೊತ್ತಿರುವ ಆ ಭಿಕ್ಷು ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದು, ಅವನ ಬಗ್ಗೆ ಬರೆದಿಟ್ಟಿದ್ದಾನೆ. ಬಾದಾಮಿಯನ್ನೂ ಸನ್ನತಿಯ ಬೌದ್ಧ ಸ್ತೂಪವನ್ನೂ ಅವನ ಹೆಸರಿನಲ್ಲಿ ಪರಿಚಯಿಸುವ ಕೆಲಸ ಸರ್ಕಾರದ ಮಟ್ಟದಲ್ಲಿ ಆಗಬೇಕು. ನಿಮ್ಮ ಮಟ್ಟದಲ್ಲಿ ಇಷ್ಟು ಸಾಕು: ಪ್ರತಿ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇಡಿ, ಅವರು ಬಿಸಿನೀರು ಕುಡಿಯುವವರು. ವೈಫೈ ಸರಿಯಾಗಿರಲಿ.

ಪ್ರಶ್ನೆ: ಪಾತ್ರೆ ಮತ್ತು ಅಡುಗೆಮನೆ ಸಾಮಾನಿನ ಸಗಟು ವ್ಯಾಪಾರ ನನ್ನದು. ಗುವಾಂಗ್‌ಝೌನ ಕ್ಯಾಂಟನ್ ಮೇಳಕ್ಕೆ ಈ ಬಾರಿ ಹೆಂಡತಿ ಮಕ್ಕಳನ್ನೂ ಕರೆದೊಯ್ದು ಬೀಜಿಂಗ್ ತೋರಿಸಬೇಕೆಂದಿದ್ದೇನೆ. ಯಾವಾಗ ಹೊರಡಲಿ?
– ವ್ಯಾಪಾರಿ, ಬೆಂಗಳೂರು

ಉತ್ತರ: ಶರತ್ಕಾಲದ ಮೇಳ ಅಕ್ಟೋಬರ್ 15ಕ್ಕೆ ಆರಂಭವಾದರೂ ಮನೆಬಳಕೆ ಸಾಮಾನಿನ ಎರಡನೆಯ ಹಂತ 23ರಿಂದ 27ರವರೆಗೆ. ಆದ್ದರಿಂದ ಅಕ್ಟೋಬರ್ ಮೊದಲ ವಾರವನ್ನು ಪೂರ್ತಿ ಬಿಟ್ಟು, 14ರ ನಂತರ ಬೀಜಿಂಗ್‌ಗೆ ಇಳಿಯಿರಿ. ಅಲ್ಲಿಂದ ಗುವಾಂಗ್‌ಝೌಗೆ ಅತಿವೇಗದ ರೈಲಿನಲ್ಲಿ ಸುಮಾರು ಎಂಟು ಗಂಟೆ. ಟಿಕೆಟ್ ಮಾರಾಟ 15 ದಿನ ಮೊದಲು ತೆರೆಯುತ್ತದೆ, ಎಲ್ಲರ ಪಾಸ್‌ಪೋರ್ಟ್ ಸಂಖ್ಯೆ ಬೇಕು. ಅರಮನೆ ವಸ್ತುಸಂಗ್ರಹಾಲಯದ ಟಿಕೆಟ್ ಏಳು ದಿನ ಮೊದಲು ಅಲ್ಲಿನ ರಾತ್ರಿ 8ಕ್ಕೆ, ನಮ್ಮ ಸಂಜೆ 5.30ಕ್ಕೆ ಸಿಗುತ್ತದೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ. ಕೆಲವು ದೇಶದವರಿಗೆ ಇರುವ ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ವೀಸಾ ಇಲ್ಲದೆ ಇಳಿಯುವ ಸೌಲಭ್ಯ ಭಾರತೀಯರಿಗಿಲ್ಲ, ಮನೆಯವರೆಲ್ಲರಿಗೂ ಮೊದಲೇ ವೀಸಾ ಮಾಡಿಸಿ. ಮೇಳದಲ್ಲಿ ಕೊಡುವ ಆರ್ಡರ್ ವಸಂತ ಹಬ್ಬಕ್ಕೆ ಮೊದಲೇ ಹಡಗು ಹತ್ತಬೇಕೆಂದು ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ. ಆ ಹಬ್ಬಕ್ಕೆ ಕಾರ್ಖಾನೆಯ ಕೆಲಸಗಾರರು ಊರಿಗೆ ಹೊರಟರೆಂದರೆ, ವಾರಗಟ್ಟಲೆ ನಿಮ್ಮ ಫೋನ್ ಎತ್ತುವವರಿರುವುದಿಲ್ಲ.