ವೇಟಿಂಗ್ ಲಿಸ್ಟ್‌ನಲ್ಲಿ ಕಳೆದ ಏಪ್ರಿಲ್: ಒಂದು ಆಪ್ತಸಲಹೆ ಪ್ರಕರಣ

ಬೆಳಗಾವಿಯ ಟಿಳಕವಾಡಿ ಕಡೆಯ ಕುಟುಂಬ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪನಿಗೆ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್ ಇದೆ. ಅವ್ವ ಹೈಸ್ಕೂಲ್ ಟೀಚರ್. ಮಗಳಿಗೆ 18 ವರ್ಷ, ದ್ವಿತೀಯ ಪಿಯು ಪರೀಕ್ಷೆ ಆಗಷ್ಟೇ ಮುಗಿದಿತ್ತು.

ಏಪ್ರಿಲ್ ಮೊದಲ ವಾರ ಅವ್ವನೇ ಕರೆದುಕೊಂಡು ಬಂದರು. "ಊಟಾ ಬಿಟ್ಟಾಳ್ರಿ ಮೇಡಂ. ರಾತ್ರಿ ಮಲಗೂದಿಲ್ಲ, ಫೋನ್ ಕೈಯಾಗ ಹಿಡಕೊಂಡ ಕೂಡ್ತಾಳ. ಸಿಇಟಿ ಹತ್ರ ಬಂತು, ಪುಸ್ತಕ ಮುಟ್ಟವಲ್ಲಳು."

ಹುಡುಗಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಮಾರ್ಚ್ ಕೊನೆಗೆ ಉತ್ತರ ಬಂದವು. ಕೆಲವು ಕಡೆ ಇಲ್ಲ ಎಂದರು. ಒಂದು ಕಡೆ ಸ್ಕಾಲರ್‌ಶಿಪ್ ಜೊತೆಗೆ ಸೀಟು ಸಿಕ್ಕಿತ್ತು. ಆದರೆ ಅವಳು ಜೀವ ಇಟ್ಟುಕೊಂಡಿದ್ದ ವಿಶ್ವವಿದ್ಯಾಲಯ ವೇಟಿಂಗ್ ಲಿಸ್ಟ್‌ಗೆ ಹಾಕಿತ್ತು. ಸೀಟು ಸಿಕ್ಕ ಕಡೆಯಿಂದ ಬಂದ ಮೇಲ್‌ಗಳನ್ನು ಅವಳು ತೆರೆದೂ ನೋಡಿರಲಿಲ್ಲ.

ರಾತ್ರಿ ಎಷ್ಟು ಹೊತ್ತು ಎಚ್ಚರ ಇರ್ತೀ ಎಂದು ಕೇಳಿದೆ. "ಎರಡೂವರೆ ತನಕ" ಎಂದಳು. ಅಷ್ಟು ಸರಿಯಾಗಿ ಹೇಳಿದ್ದಕ್ಕೆ ಯಾಕೆ ಎಂದೆ. ಆ ವಿಶ್ವವಿದ್ಯಾಲಯ ಅಮೆರಿಕದ ಪೂರ್ವ ಕರಾವಳಿಯಲ್ಲಿದೆ. ಅಲ್ಲಿ ಸಂಜೆ ಐದಕ್ಕೆ ಆಫೀಸು ಮುಚ್ಚುವಾಗ ನಮ್ಮಲ್ಲಿ ರಾತ್ರಿ ಎರಡೂವರೆ. ಆಫೀಸು ಮುಚ್ಚಿದ ಮೇಲೆ ಮೇಲ್ ಬರಲಿಕ್ಕಿಲ್ಲ ಎಂದು ಆಮೇಲೆ ಮಲಗುತ್ತಿದ್ದಳು. ಎದ್ದ ತಕ್ಷಣ ಮತ್ತೆ ಫೋನ್.

ಸಾಯಬೇಕು ಅಂತ ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಪ್ರವೇಶ, ಫಲಿತಾಂಶದ ದಿನಗಳಲ್ಲಿ ನಾನು ಯಾರನ್ನೂ ಇದನ್ನು ಕೇಳದೆ ಕಳಿಸುವುದಿಲ್ಲ. ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಎಂಬ ಹೆದರಿಕೆ ಬೇಡ. ಇಲ್ಲ ಎಂದಳು, ಬರೀ ದಣಿವು ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು.

ಆಮೇಲೆ ವೇಟಿಂಗ್ ಲಿಸ್ಟ್ ಹೇಗೆ ನಡೆಯುತ್ತದೆ ಎಂದು ಹೇಳಿದೆ. ಸೀಟು ಕೊಟ್ಟವರೆಲ್ಲ ಬರುವುದಿಲ್ಲ ಎಂದು ವಿಶ್ವವಿದ್ಯಾಲಯಕ್ಕೆ ಗೊತ್ತು. ಇಷ್ಟು ಜನ ಬರಬಹುದು ಎಂದು ಅಂದಾಜು ಹಾಕಿ, ಇರುವ ಸೀಟಿಗಿಂತ ಜಾಸ್ತಿ ಜನರಿಗೆ ಪ್ರವೇಶ ಕೊಡುತ್ತಾರೆ. ಅವರು ಬರುತ್ತೇವೋ ಇಲ್ಲವೋ ಎಂದು ತಿಳಿಸಲು ಹೆಚ್ಚಿನ ಕಡೆ ಮೇ 1 ಕೊನೆಯ ದಿನ. ಅಂದಾಜು ತಪ್ಪಿ ಸೀಟು ಉಳಿದರೆ ಮಾತ್ರ ವೇಟಿಂಗ್ ಲಿಸ್ಟ್ ತೆರೆಯುತ್ತಾರೆ. ಹಾಗಾಗಿ ಏಪ್ರಿಲ್‌ನಲ್ಲಿ ಮೇಲ್ ಬರುವ ಸಾಧ್ಯತೆ ಬಹಳ ಕಡಿಮೆ. ಚಲನೆ ಹೆಚ್ಚಾಗಿ ಮೇ, ಜೂನ್‌ನಲ್ಲಿ, ಅಪರೂಪಕ್ಕೆ ಅದರ ನಂತರ.

"ಹಂಗಾದ್ರ ನಾ ಈಗ ಸುಮ್ನ ಎಚ್ಚರ ಇದ್ದೆನಾ?" ಎಂದಳು. ಹೌದು ತಂಗಿ ಎಂದೆ. ಅವತ್ತು ರಾತ್ರಿ ಮಲಗಿದಳು ಎಂದು ಅವ್ವ ಮರುದಿನ ಫೋನ್ ಮಾಡಿ ಹೇಳಿದರು. ದಿನಕ್ಕೊಮ್ಮೆ, ಬೆಳಿಗ್ಗೆ ಚಹಾ ಆದ ಮೇಲೆ ಮೇಲ್ ನೋಡುವುದು ಎಂದು ಒಪ್ಪಂದ ಮಾಡಿಕೊಂಡೆವು. ಅಷ್ಟು ತಡವಾಗಿ ನೋಡಿದರೆ ಏನೂ ಕೆಡುವುದಿಲ್ಲ. ಸೀಟು ಕೊಟ್ಟರೂ ಉತ್ತರ ಹೇಳಲು ಸಾಮಾನ್ಯವಾಗಿ ಕೆಲವು ದಿನ ಕೊಡುತ್ತಾರೆ.

ಅಪ್ಪ ಎರಡನೇ ಸಲ ಬಂದರು. ಅವರ ಪ್ರಶ್ನೆ ಒಂದೇ: "ನಂಬರ್ ಎಷ್ಟನೇದು ಅಂತ ಹೇಳಿದ್ರ ಸಾಕ್ರಿ." ನಮ್ಮಲ್ಲಿ ಸಿಇಟಿ ರ‍್ಯಾಂಕ್ ನೋಡಿ, ಮೊದಲ ಸುತ್ತು ಎರಡನೇ ಸುತ್ತು ಎಂದು ಲೆಕ್ಕ ಹಾಕಿ ರೂಢಿ. ಅಲ್ಲಿ ಹೆಚ್ಚಿನ ವಿಶ್ವವಿದ್ಯಾಲಯಗಳು ವೇಟಿಂಗ್ ಲಿಸ್ಟ್‌ಗೆ ನಂಬರ್ ಹಾಕುವುದೇ ಇಲ್ಲ. ಉಳಿದ ಸೀಟು ಯಾವ ವಿಷಯದಲ್ಲಿದೆ, ಯಾರಿಗೆ ಎಷ್ಟು ಧನಸಹಾಯ ಬೇಕು, ಎಲ್ಲವನ್ನೂ ನೋಡಿ ಆರಿಸುತ್ತಾರೆ. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ಮಾಹಿತಿ ಪತ್ರ ಹೊರಡಿಸುತ್ತವೆ. ಅದರ ಸಿ2 ಭಾಗದಲ್ಲಿ ಎಷ್ಟು ಜನರನ್ನು ಲಿಸ್ಟ್‌ನಲ್ಲಿ ಇಟ್ಟರು, ಎಷ್ಟು ಜನ ಇರುತ್ತೇವೆ ಎಂದರು, ಕೊನೆಗೆ ಎಷ್ಟು ಜನರಿಗೆ ಸೀಟು ಸಿಕ್ಕಿತು ಎಲ್ಲ ಇರುತ್ತದೆ. ಮೂವರೂ ಕೂತು ನೋಡಿದೆವು. ಒಂದು ವರ್ಷ ಸುಮಾರು ಜನ, ಮರುವರ್ಷ ಬೆರಳೆಣಿಕೆ. ಅಪ್ಪ ಬಹಳ ಹೊತ್ತು ಆ ಪುಟ ನೋಡಿದರು. ಮಗಳಲ್ಲಿ ಏನೋ ಕೊರತೆ ಇದೆ ಎಂದು ಒಳಗೊಳಗೇ ಕೊರಗುತ್ತಿದ್ದ ಮನುಷ್ಯ ಅವರು. ಅವರಿಗೆ ನನ್ನ ಸಮಾಧಾನದ ಮಾತಿಗಿಂತ ಆ ಅಂಕಿ ಹೆಚ್ಚು ಉಪಯೋಗಕ್ಕೆ ಬಂತು.

ಆದರೆ ಅವರ ಇನ್ನೊಂದು ಮಾತಿಗೆ ನನಗೆ ಗಾಬರಿಯಾಯಿತು. "ಸೀಟ್ ಬಂದ್ರ ಪ್ಲಾಟ್ ಮಾರೇ ಬಿಡ್ತೀನ್ರಿ." ಮಗಳು ಪಕ್ಕದಲ್ಲೇ ಕೂತಿದ್ದಳು, ತಲೆ ತಗ್ಗಿಸಿದಳು. ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಇದನ್ನೇ: ಹಣದ ಮಾತು ಈಗಲೇ ಆಗಲಿ, ಮೇಲ್ ಬಂದ ದಿನ ಬೇಡ. ವೇಟಿಂಗ್ ಲಿಸ್ಟ್‌ನಿಂದ ಹೋದವರಿಗೆ ಧನಸಹಾಯ ಕಡಿಮೆ ಸಿಗಬಹುದು, ಸಿಗದೆಯೂ ಇರಬಹುದು. ಆ ಹೊತ್ತಿಗೆ ಹೆಚ್ಚಿನ ಹಣ ಹಂಚಿ ಮುಗಿದಿರಬಹುದು. ಖುಷಿಯಲ್ಲಿದ್ದಾಗ, ಕೆಲವೇ ದಿನದಲ್ಲಿ ಉತ್ತರ ಹೇಳಬೇಕಾದಾಗ, ಯಾವ ಅಪ್ಪನೂ ಸರಿಯಾಗಿ ಲೆಕ್ಕ ಹಾಕಲಾರ. ಗಂಡ ಹೆಂಡತಿ ಮನೆಯಲ್ಲಿ ಕೂತು, ವರ್ಷಕ್ಕೆ ಇಷ್ಟರವರೆಗೆ, ಅದಕ್ಕಿಂತ ಮೇಲೆ ಬೇಡ ಎಂದು ಹಾಳೆಯಲ್ಲಿ ಬರೆದಿಟ್ಟರು. ಪ್ಲಾಟು ಲೆಕ್ಕದಿಂದ ಹೊರಗುಳಿಯಿತು. ಮಗಳಿಗೂ ತೋರಿಸಿದರು. ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಗಿದ್ದು ಆವಾಗಲೇ. ತನಗಾಗಿ ಮನೆ ಮುಳುಗುತ್ತದೆ ಎಂಬ ಭಯವೂ ಅವಳ ನಿದ್ದೆ ತಿಂದಿತ್ತು.

ಸೀಟು ಸಿಕ್ಕ ವಿಶ್ವವಿದ್ಯಾಲಯಕ್ಕೆ ಮೇ 1ರೊಳಗೆ ಮುಂಗಡ ಕಟ್ಟಿ ಎಂದೆ. ಒಂದು ಕಡೆ ಮುಂಗಡ ಕಟ್ಟಿ ಇನ್ನೊಂದು ಕಡೆ ವೇಟಿಂಗ್ ಲಿಸ್ಟ್‌ನಲ್ಲಿ ಉಳಿಯಲು ಅಡ್ಡಿಯಿಲ್ಲ. ಎರಡು ಕಡೆ ಮುಂಗಡ ಕಟ್ಟುವುದು ಮಾತ್ರ ತಪ್ಪು. ಆಮೇಲೆ ಬಿಟ್ಟು ಹೋದರೆ ಕಟ್ಟಿದ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಕಟ್ಟಿದ್ದಷ್ಟೇ ಅಲ್ಲ, ಆ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಯಾರು ಏನು ಕಲಿಸುತ್ತಾರೆ ಎಂದು ಓದಿಕೊಂಡು ಬಾ ಎಂದು ಹುಡುಗಿಗೆ ಕೆಲಸ ಕೊಟ್ಟೆ. ಸಿಇಟಿಯನ್ನೂ ಬರೆದಳು. ವೀಸಾ ಏನಾಗುತ್ತದೋ ಹೇಳಲಾಗದು, ಊರಲ್ಲೂ ಒಂದು ದಾರಿ ಇರಲಿ ಎಂದು.

ಇನ್ನು ಪತ್ರ. ಲಿಸ್ಟ್‌ನಲ್ಲಿ ಉಳಿಯುತ್ತೇನೆ ಎಂದು ತಿಳಿಸಿ, ಆ ವಿಶ್ವವಿದ್ಯಾಲಯ ಬೇಡ ಎಂದಿಲ್ಲದಿದ್ದರೆ ಒಂದು ಪುಟದ ಪತ್ರ ಬರೆಯಬಹುದು. ಒಂದೇ ಪತ್ರ ಸಾಕು. ಅವಳ ಮೊದಲ ಕರಡಿನಲ್ಲಿ ಬೇಡಿಕೊಂಡಿದ್ದೇ ಜಾಸ್ತಿ: ಇದು ನನ್ನ ಬಾಲ್ಯದ ಕನಸು, ದಯವಿಟ್ಟು ಅವಕಾಶ ಕೊಡಿ. ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನು ಮಾಡಿದ್ದೀ ಎಂದು ಕೇಳಿದೆ. ಏನಿಲ್ಲ ಎಂದಳು. ಮಾತಾಡುತ್ತಾ ಹೋದಾಗ ಹೊರಬಿತ್ತು: ಅಪ್ಪನ ಶಾಪಿನಲ್ಲಿ ರಿಜೆಕ್ಷನ್, ಅಂದರೆ ಅಳತೆ ತಪ್ಪಿ ತಿರಸ್ಕಾರವಾಗುವ ಪೀಸು, ಜಾಸ್ತಿ ಆಗುತ್ತಿದೆ ಎಂದು, ರಜೆಯಲ್ಲಿ ಹಳೆಯ ಕೆಲಸಗಾರರೊಬ್ಬರ ಜೊತೆ ನಿಂತು, ಲೇಥ್‌ನಿಂದ ಇಳಿದ ಒಂದೊಂದೇ ಪೀಸನ್ನು ವರ್ನಿಯರ್‌ನಿಂದ ಅಳೆದು ನೋಟ್‌ಬುಕ್‌ನಲ್ಲಿ ಬರೆದಿದ್ದಾಳೆ. ಟೂಲ್ ಸವೆದಂತೆ ಅಳತೆ ಯಾವ ಕಡೆ ಜರುಗುತ್ತದೆ ಎಂದು ಗ್ರಾಫ್ ಹಾಕಿದ್ದಾಳೆ. "ಅದು ಮನಿ ಕೆಲಸ ಅಲ್ರೀ ಮೇಡಂ, ಅದನ್ನೇನ್ ಬರಿಯೂದು?" ಅದನ್ನೇ ಬರೆ ಎಂದೆ. ಪಿಯು ಅಂಕ, ಆ ಗ್ರಾಫಿನ ಕಥೆ, ಸೀಟು ಕೊಟ್ಟರೆ ಮತ್ತು ಖರ್ಚು ಹೊಂದಿದರೆ ಖಂಡಿತ ಬರುತ್ತೇನೆ ಎಂಬ ಸಾಲು. ಪತ್ರ ಮುಗಿಯಿತು. ಸೀಟು ಕೊಡಿಸುತ್ತೇನೆ ಎಂದು ದುಡ್ಡು ಕೇಳುವ ಏಜೆಂಟರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಎಂದೂ ಹೇಳಿದೆ. ಲಿಸ್ಟ್‌ನಿಂದ ಯಾರನ್ನೂ ಎತ್ತಿ ಕೊಡಲು ಅವರಿಂದ ಆಗುವುದಿಲ್ಲ.

ಜನರ ಬಾಯಿಯ ಕಾಟವೂ ಇತ್ತು. ಅಪ್ಪ ಮದುವೆ ಮನೆಯಲ್ಲಿ ಹೇಳಿಬಿಟ್ಟಿದ್ದರು. ಕಾಕಾ, ಅತ್ಯಾ, ಓಣಿಯವರು, ಎಲ್ಲರದ್ದೂ "ಏನಾತು ಅಮೆರಿಕಾದ್ದು?" ಹುಡುಗಿಗೆ ಒಂದು ಸಾಲು ಕಲಿಸಿದೆ: "ಒಂದ್ ಕಡೆ ಸೀಟ್ ಸಿಕ್ಕೇತಿ, ಅಲ್ಲಿಗೇ ಹೋಗ್ತೀನ್ರಿ." ಸುಳ್ಳಲ್ಲ, ಮಾತೂ ಮುಗಿಯುತ್ತದೆ.

ಅವ್ವನಿಗೆ ಬೇರೆಯಾಗಿ ಹೇಳಿದ್ದು: ಇಲ್ಲ ಎಂದು ಮೇಲ್ ಬಂದರೆ ಆಗಿದ್ದೆಲ್ಲಾ ಒಳ್ಳೇದಕ್ಕೇ ಎಂದು ತಕ್ಷಣ ಹೇಳಬೇಡಿ. ಅಳಲಿ. ಜೊತೆಗಿರಿ, ಊಟಕ್ಕೆ ಕರೆಯಿರಿ, ಬುದ್ಧಿಮಾತು ಎರಡು ದಿನ ಬಿಟ್ಟು.

ಜೂನ್ ಕೊನೆಯಲ್ಲಿ ಮೇಲ್ ಬಂತು, ಈ ವರ್ಷದ ಲಿಸ್ಟ್ ಮುಚ್ಚಿದ್ದೇವೆ ಎಂದು. ಅವಳು ಅತ್ತಳು. ಅಷ್ಟರಲ್ಲಿ ಸೀಟು ಸಿಕ್ಕ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಕೈ ಸೇರಿತ್ತು, ಮುಂಬೈಯಲ್ಲಿ ವೀಸಾ ಸಂದರ್ಶನವೂ ಮುಗಿದಿತ್ತು. ಜುಲೈನಲ್ಲಿ ಬಂದಾಗ ಮೊದಲ ಸೆಮಿಸ್ಟರ್‌ಗೆ ಯಾವ ಗಣಿತ ತೆಗೆದುಕೊಳ್ಳಲಿ ಎಂದು ಕೇಳಿದಳು. ನನಗೆ ತಿಳಿಯದ ವಿಷಯ, ಅಲ್ಲಿನ ಸಲಹೆಗಾರರಿಗೆ ಬರೆ ಎಂದೆ. ಬರೆದಾಗಿತ್ತು.

ಅಪ್ಪನದು ಇನ್ನೂ ಮುಗಿದಿಲ್ಲ. ಪ್ಲಾಟು ಮಾರಿ ಪೂರ್ತಿ ದುಡ್ಡು ಕಟ್ಟುತ್ತೇನೆ ಎಂದು ಬರೆದಿದ್ದರೆ ಕೊಡುತ್ತಿದ್ದರೇನೋ ಎಂದು ಈಗಲೂ ಕೇಳುತ್ತಾರೆ. ಮಗಳು ಹೋದ ಮೇಲೆ ಒಬ್ಬರೇ ಬರಲು ಹೇಳಿದ್ದೇನೆ.