ಪರದೆ ತೋರಿಸುವ 5 ಸೆಂಟಿಮೀಟರ್

ಪ್ರಶ್ನೆ: ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು) ಸೆನ್ಸರ್ ಇರುವ ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ನಮಗೆ ಹೊಸದಾಗಿ ಬಂದಿದೆ. ಹಾಸಿಗೆಯ ಮೇಲೆ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮಲಗಿಸಿ ಎದೆ ಒತ್ತುವಾಗ ಪರದೆ ಒತ್ತಿದ ಆಳ 5 ಸೆಂ.ಮೀ. ಎಂದು ತೋರಿಸುತ್ತದೆ, ಮ್ಯಾನಿಕಿನ್ನಿನ ಸ್ವಂತ ಮೀಟರು 3.5 ಎನ್ನುತ್ತದೆ. ಯಾವುದನ್ನು ನಂಬಲಿ? – ಓದುಗರು, ಉಡುಪಿ

ಉತ್ತರ: ಮ್ಯಾನಿಕಿನ್ನನ್ನು ನಂಬಿ. ಸೆನ್ಸರಿನೊಳಗಿನ ಆಕ್ಸೆಲೆರೊಮೀಟರ್ (ಚಲನೆ ಅಳೆಯುವ ಸಾಧನ) ತಾನು ಎಷ್ಟು ಕೆಳಗಿಳಿದೆ ಎಂದಷ್ಟೇ ಲೆಕ್ಕ ಹಾಕುತ್ತದೆ. ಎದೆ 3.5 ಸೆಂ.ಮೀ. ತಗ್ಗಿ, ಅಡಿಯ ಹಾಸಿಗೆ 1.5 ಕುಸಿದರೆ ಅದು ಎರಡನ್ನೂ ಕೂಡಿಸಿ 5 ಎನ್ನುತ್ತದೆ. ಬೆನ್ನಿನ ಕೆಳಗೆ ಇನ್ನೊಂದು ಸೆನ್ಸರ್ ಇರುವ ಪ್ಯಾಡ್‌ಗಳು ಈ ಕುಸಿತವನ್ನು ಕಳೆದು ತೋರಿಸುತ್ತವೆ. ನಿಮ್ಮದು ಯಾವ ಬಗೆ ಎಂದು ಮೊದಲು ನೋಡಿ. ಒಂದೇ ಸೆನ್ಸರ್ ಇದ್ದರೆ ಬೆನ್ನಡಿಗೆ ಗಟ್ಟಿ ಹಲಗೆ ಇಡಿ, ಗಾಳಿ ಹಾಸಿಗೆಯಾದರೆ ಗಾಳಿ ಹೊರಬಿಡಿ. ಹಲಗೆ ಇಟ್ಟರೂ ಕುಸಿತ ಪೂರ್ತಿ ಹೋಗುವುದಿಲ್ಲ. ಅದೇ ಮ್ಯಾನಿಕಿನ್ನನ್ನು ನೆಲದ ಮೇಲೂ ಒತ್ತಿ ನೋಡಿ, ಹಾಸಿಗೆ ಎಷ್ಟು ನುಂಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಬೇಕಾದ ಆಳ ಎದೆಯ ದಪ್ಪದ ಮೂರನೇ ಒಂದು ಪಾಲು: ಒಂದು ವರ್ಷದೊಳಗಿನ ಕೂಸಿಗೆ ಸುಮಾರು 4 ಸೆಂ.ಮೀ., ದೊಡ್ಡ ಮಕ್ಕಳಿಗೆ ಸುಮಾರು 5. ದೊಡ್ಡವರ ಸೆನ್ಸರನ್ನು ಕೂಸಿನ ಎದೆಯ ಮೇಲಿಡಬೇಡಿ. ಎರಡೂ ಕೈಗಳಿಂದ ಎದೆ ಬಳಸಿ ಹೆಬ್ಬೆರಳಲ್ಲಿ ಒತ್ತುವಾಗ ಅದು ಅಡ್ಡ ಬರುತ್ತದೆ. ಎರಡು ಬೆರಳಿನ ತುದಿಯಿಂದ ಒತ್ತುವ ಹಳೆಯ ಕ್ರಮವನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಅದರಲ್ಲಿ ಸಾಕಷ್ಟು ಆಳ ಸಿಗುವುದಿಲ್ಲ.

ಆಳದ ಮೇಲೆಯೇ ಕಣ್ಣು ನೆಟ್ಟರೆ ಉಳಿದದ್ದು ತಪ್ಪಿಹೋಗುತ್ತದೆ. ಸುಸ್ತಾದವರು ಎದೆಯ ಮೇಲೆ ಭಾರ ಬಿಟ್ಟು ಒರಗುತ್ತಾರೆ. ಎದೆ ಪೂರ್ತಿ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ, ಮುಂದಿನ ಒತ್ತು ಖಾಲಿ ಹೋಗುತ್ತದೆ. ಅದಕ್ಕೇ 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಬೇಕು, "ನನಗಿನ್ನೂ ಶಕ್ತಿಯಿದೆ" ಎಂದರೂ ಬದಲಿಸಬೇಕು. ವೇಗ ನಿಮಿಷಕ್ಕೆ 100ರಿಂದ 120, ಅಂದರೆ 15 ಒತ್ತು 7.5ರಿಂದ 9 ಸೆಕೆಂಡಿನಲ್ಲಿ ಮುಗಿಯಬೇಕು. ಇದಕ್ಕೆ ಗೋಡೆ ಗಡಿಯಾರ ಸಾಕು.

ನನ್ನ ಲೆಕ್ಕದಲ್ಲಿ ಹೆಚ್ಚು ಹಾನಿ ಆಗುವುದು ನಿಲುಗಡೆಯಲ್ಲಿ. ಆಸ್ಪತ್ರೆ ಸಿಬ್ಬಂದಿ ಇಬ್ಬರಿದ್ದಾಗ 15 ಒತ್ತಿಗೆ 2 ಉಸಿರು. 15 ಒತ್ತಿಗೆ 8 ಸೆಕೆಂಡ್ ಎಂದಿಟ್ಟುಕೊಳ್ಳಿ. ಉಸಿರಿಗೆ 2 ಸೆಕೆಂಡ್ ನಿಂತರೆ ಒತ್ತಿದ ಸಮಯ ಶೇ. 80, ಅದೇ 4 ಸೆಕೆಂಡ್ ನಿಂತರೆ ಶೇ. 67. ಶೇ. 60ಕ್ಕಿಂತ ಇಳಿಯಲೇಬಾರದು, ಗುರಿ 80ರ ಮೇಲೆ. ಅಭ್ಯಾಸವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ಕೈ ಎದ್ದ ಸೆಕೆಂಡುಗಳನ್ನೆಲ್ಲ ಕೂಡಿಸಿ. ನಾಡಿ ಹುಡುಕುತ್ತ, ಉಸಿರುನಾಳಕ್ಕೆ ಟ್ಯೂಬ್ ಹಾಕುತ್ತ ಎಷ್ಟು ಹೊತ್ತು ಹೋಯಿತೆಂದು ನೋಡಿದರೆ ಗಾಬರಿಯಾಗುತ್ತದೆ. ಯಾವ ನಿಲುಗಡೆಯೂ 10 ಸೆಕೆಂಡ್ ದಾಟಬಾರದು.

ಟ್ಯೂಬ್ ಹಾಕಿದ ಮೇಲೆ ಕ್ಯಾಪ್ನೋಗ್ರಾಫ್ (ಹೊರಬರುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ) ಅಂಕಿ ಮೆಲ್ಲಗೆ ಇಳಿಯುತ್ತಿದ್ದರೆ ಮೊದಲು ಒತ್ತುವವರ ಕಡೆ ನೋಡಿ, ಅವರು ಸುಸ್ತಾಗಿರಬಹುದು. ಆದರೆ ಉಸಿರು ಅತಿಯಾಗಿ ಕೊಟ್ಟರೂ ಅಂಕಿ ಇಳಿಯುತ್ತದೆ. ಅಪಧಮನಿ ಲೈನ್ (ರಕ್ತದೊತ್ತಡ ಅಳೆಯಲು ಅಪಧಮನಿಯೊಳಗೆ ಹಾಕಿದ ನಳಿಕೆ) ಮೊದಲೇ ಇದ್ದ ಮಗುವಿಗೆ ಡಯಾಸ್ಟಾಲಿಕ್ ಒತ್ತಡವೇ (ರಕ್ತದೊತ್ತಡದ ಕೆಳಗಿನ ಅಂಕಿ) ಒಳ್ಳೆಯ ಸಾಕ್ಷಿ: ಕೂಸಿಗೆ ಕನಿಷ್ಠ 25, ದೊಡ್ಡ ಮಗುವಿಗೆ 30 ಮಿ.ಮೀ. ಪಾದರಸ.

ಪ್ರಶ್ನೆ: ನೀರಿಗೆ ಬಿದ್ದ ಮಗುವನ್ನು ಮೇಲೆತ್ತಿದಾಗ ಯಾವ ಯಂತ್ರವೂ ಇರುವುದಿಲ್ಲ. ಸರಿಯಾಗಿ ಒತ್ತುತ್ತಿದ್ದೇವೆಂದು ತಿಳಿಯುವುದು ಹೇಗೆ? – ಶಿಕ್ಷಕರು, ಉಳ್ಳಾಲ

ಉತ್ತರ: ಕಡಲ ಬದಿಯಲ್ಲಾದರೆ ಸಡಿಲ ಮರಳಿನ ಮೇಲೆ ಮಲಗಿಸಬೇಡಿ, ಅದೂ ಹಾಸಿಗೆಯಂತೆ ಕುಸಿಯುತ್ತದೆ. ಅಲೆ ಬಾರದ ಗಟ್ಟಿ ನೆಲಕ್ಕೆ ತನ್ನಿ. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಮಗುವಿಗೆ ಉಸಿರಿಲ್ಲದಿದ್ದರೆ ಮೊದಲು 2 ಬಾರಿ ಬಾಯಿಂದ ಉಸಿರು ಕೊಡಿ. ಎದೆ ಮೇಲೆದ್ದರೆ ಗಾಳಿ ಹೋಯಿತು ಎಂದರ್ಥ, ಏಳದಿದ್ದರೆ ತಲೆಯನ್ನು ತುಸು ಹಿಂದೆ ವಾಲಿಸಿ, ಗಲ್ಲ ಎತ್ತಿ ಮತ್ತೆ ಕೊಡಿ. ನಂತರ 30 ಒತ್ತು, 2 ಉಸಿರು. ಪಕ್ಕದವರು 108ಕ್ಕೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಡಲಿ. ಇನ್ನೊಬ್ಬರು ಗಟ್ಟಿಯಾಗಿ ಎಣಿಸಲಿ, ಬದಿಯಿಂದ ಬಾಗಿ ಎದೆ ಪೂರ್ತಿ ಮೇಲೇಳುತ್ತದೆಯೇ ಎಂದೂ ಅವರೇ ನೋಡಲಿ. ಒತ್ತುವವರಿಗೆ ಮೇಲಿನಿಂದ ಅದು ಕಾಣುವುದಿಲ್ಲ.