ಕೌದಿಗೆ ರೇಟು ಕಟ್ಟಿದ ಮೇಲೆ

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದವರೊಬ್ಬರ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ದಾವಣಗೆರೆಯ ಗೃಹಿಣಿ, ವಯಸ್ಸು 47. ಗಂಡನಿಗೆ ಹಾರ್ಡ್‌ವೇರ್ ಅಂಗಡಿ. ಬಂದು ಕೂತವರೇ, "ಸೂಜಿ ಹಿಡಿದ್ರೆ ಕೈನೇ ಓಡ್ತಿಲ್ಲ ಮೇಡಂ" ಎಂದರು.

ಇವರು ಕೌದಿ ಹೊಲಿಯುತ್ತಾರೆ. ಅಜ್ಜಿ ಕಲಿಸಿದ್ದು. ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ಹೊಲಿಗೆ ಹಾಕುತ್ತಾ ಹೋಗುವುದು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಎರಡು ಗಂಟೆ ಅದರಲ್ಲೇ ಮುಳುಗುತ್ತಿದ್ದರು. ಹೋದ ವರ್ಷ ತಂಗಿಯ ಮೊಮ್ಮಗುವಿಗೆ ಒಂದು ಕೊಟ್ಟರು. ನಾದಿನಿ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. "ಅತ್ತಿಗೆ, ಇದನ್ನ ಸುಮ್ನೆ ಕೊಡ್ತಾರಾ? ರೇಟು ಕಟ್ಟಿ." ಎರಡೇ ತಿಂಗಳಲ್ಲಿ ಒಂಬತ್ತು ಆರ್ಡರ್. ಒಬ್ಬರಿಗೆ ಗುಲಾಬಿ ಬೇಡ, ಇನ್ನೊಬ್ಬರಿಗೆ ಹಳೆ ಬಟ್ಟೆಯೇ ಬೇಡ! (ಹಳೆ ಬಟ್ಟೆ ಇಲ್ಲದ ಕೌದಿ ಅದೆಂಥದ್ದೋ.)

ನಿದ್ದೆ, ಹಸಿವು ಕೇಳಿದೆ. ಸರಿಯಾಗಿತ್ತು. ಕುಂದುವಾಡ ಕೆರೆ ಏರಿಯ ಮೇಲಿನ ವಾಕಿಂಗ್ ಒಂದು ದಿನವೂ ತಪ್ಪಿಸಿರಲಿಲ್ಲ. ಎಲ್ಲದರ ಮೇಲಿನ ಆಸಕ್ತಿಯೂ ಹೋಗಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ಬೇಸರ ಹಿಡಿದದ್ದು ಕೌದಿಯ ವಿಷಯದಲ್ಲಿ ಮಾತ್ರ.

ಲೆಕ್ಕ ಹಾಕಿಸಿದೆ. ಒಂದು ಕೌದಿಗೆ 60 ಗಂಟೆ, ಸಿಗುವುದು 1,800 ರೂಪಾಯಿ. ಗಂಟೆಗೆ 30.

"ಈ ದುಡ್ಡು ಮನೆಗೆ ಬೇಕೇ ಬೇಕಾ?"

"ಇಲ್ಲ. ಆದ್ರೆ ಬಿಟ್ರೆ ದಡ್ಡಿ ಅಂತಾರೆ."

ದುಡ್ಡು ಬೇಕಿದ್ದರೆ ನನ್ನ ಸಲಹೆಯೇ ಬೇರೆ ಇರುತ್ತಿತ್ತು. ರೇಟು ಹೆಚ್ಚಿಸಿ, ಆರ್ಡರ್ ಕಡಿಮೆ ಮಾಡಿ ಎನ್ನುತ್ತಿದ್ದೆ.

ಅವರಿಗೊಂದು ಪ್ರಯೋಗದ ಕಥೆ ಹೇಳಿದೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವ ಹುಚ್ಚಿದ್ದ ಪುಟ್ಟ ಮಕ್ಕಳನ್ನು ನೋಡಿದರು. "ಬಿಡಿಸಿದರೆ ಸರ್ಟಿಫಿಕೇಟು" ಎಂದು ಕೆಲವರಿಗೆ ಮೊದಲೇ ಹೇಳಿದರು. ಕೆಲ ದಿನಗಳ ನಂತರ, ಸರ್ಟಿಫಿಕೇಟಿನ ಮಾತೇ ಇಲ್ಲದಿದ್ದಾಗ, ಆ ಮಕ್ಕಳು ಪೆನ್ನು ಹಿಡಿದದ್ದು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ. ಮೊದಲೇ ಹೇಳದೆ, ಬಿಡಿಸಿದ ಮೇಲೆ ಸರ್ಟಿಫಿಕೇಟು ಕೊಟ್ಟ ಮಕ್ಕಳ ಹುಚ್ಚು ಮಾತ್ರ ಹಾಗೇ ಉಳಿದಿತ್ತು. "ಕೌದಿ ಕೊಟ್ಟಾಗ ನನ್ನ ತಂಗಿ ಖುಷಿಯಲ್ಲಿ ಅತ್ತಿದ್ಲಲ್ಲ, ಅದೂ ಹೇಳದೆ ಸಿಕ್ಕ ಸರ್ಟಿಫಿಕೇಟಿನ ಹಾಗೆ ಅಲ್ವಾ?" ಎಂದರು. ನಾನು ವಿವರಿಸುವುದೇ ಉಳಿಯಲಿಲ್ಲ.

ಮುಂಗಡ ತೆಗೆದುಕೊಂಡ ಎರಡನ್ನು ಮುಗಿಸಿ, ಉಳಿದ ಏಳಕ್ಕೆ ಆಗಲ್ಲ ಎಂದುಬಿಡಿ ಎಂದೆ. ಕಾರಣ ಹೇಳಬೇಡಿ, ಕಾರಣ ಹೇಳಿದರೆ ಚೌಕಾಸಿ ಶುರು. ಆಮೇಲೆ ನಿಮ್ಮ ಸ್ವಂತ ಹಾಸಿಗೆಗೆ ಒಂದು ಹೊಲಿಯಿರಿ. ಫೋಟೋ ಬೇಡ, ಗಡುವು ಬೇಡ, ತಪ್ಪಾದ ಹೊಲಿಗೆ ಬಿಚ್ಚುವುದೂ ಬೇಡ. ಕೊನೆಯದಕ್ಕೆ ತಕರಾರು ಮಾಡಿದರು. ನಾನು ಬಿಡಲಿಲ್ಲ.

ಆರು ವಾರದ ನಂತರ ಅರ್ಧ ಕೌದಿ ಚೀಲದಲ್ಲಿ ತಂದಿದ್ದರು. ಕೆಂಪು ನೂಲಿನ ಸಾಲು ಮಧ್ಯದಲ್ಲೇ ಹಸಿರಾಗಿತ್ತು. "ನೂಲು ಮುಗೀತು, ಎದ್ದು ಹೋಗೋಕೆ ಮನಸ್ಸಾಗ್ಲಿಲ್ಲ."

ನಾದಿನಿಯ ಮುನಿಸು ಇನ್ನೂ ಇಳಿದಿಲ್ಲವಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.